ಖಾಲಿ ಗಾಡಿ ಮೊದಲು

ಸಣ್ಣತಾಯಮ್ಮ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಮೂಗೂರಿನಲ್ಲಿ ಇದು ಎಲ್ಲರಿಗೂ ಗೊತ್ತು. ಡೇರಿಯವನು ಹಾಲಿನ ಡಿಗ್ರಿಯನ್ನು ಬಾಯಲ್ಲಿ ಹೇಳಿದರೆ ಸಾಲದು, ಕೊಳವೆ ಎತ್ತಿ ಬೆಳಕಿಗೆ ಹಿಡಿದು ತೋರಿಸಬೇಕು. ರೇಷನ್ ಅಂಗಡಿಯವನು ಅಕ್ಕಿ ಸುರಿಯುವ ಮುಂಚೆ ತಕ್ಕಡಿಯ ತಟ್ಟೆ ಬೋರಲು ಹಾಕಿ ಕೊಡವಬೇಕು. ಗಂಡ ಚಿಕ್ಕಸ್ವಾಮಿ ಸಾರಿಗೆ ಉಪ್ಪು ಹಾಕಿದ್ದೀನಿ ಅಂದರೆ ಅದಕ್ಕೂ ಒಂದು ಬೆರಳು ಅದ್ದಿ, ನೆಕ್ಕಿ, ಆಮೇಲೆ ಹೂಂ.

“ನನ್ನ ಕಟ್ಕಳಕೆ ಮುಂಚೆಯೂ ಇಂಗೇ ನೋಡಿದ್ಯಾ?” ಎಂದು ಅವನು ಕೇಳುತ್ತಿದ್ದ.

“ಆಗ ನೋಡಿದ್ರೆ ನೀನ್ಯಾಕೆ ನನಗೆ ಗಂಟು ಬೀಳ್ತಿದ್ದೆ?”

ಹುಟ್ಟಿನಿಂದ ಬಂದ ಗುಣ ಅಲ್ಲ ಇದು. ಹೆಮ್ಮರಗಾಲದಿಂದ ಸೊಸೆಯಾಗಿ ಬಂದಾಗ ಅವಳೂ ಸೆರಗು ಹೊದ್ದು, ನೆಲ ನೋಡಿಕೊಂಡು ಓಡಾಡಿದವಳೇ. ಅವಳಿಗೆ ಅನುಮಾನ ಕಲಿಸಿದ್ದು ಕಬ್ಬು. ಹೊಳೆಯಾಚೆ ಒಬ್ಬ ದಲ್ಲಾಳಿ ಕಬ್ಬು ಕೊಳ್ಳುತ್ತಿದ್ದ. ಗಾಡಿ ಸಮೇತ ತೂಗುವ ವೇಬ್ರಿಡ್ಜೂ ಅವನದೇ. ಅಂಕಿ ಕಾಣುವ ಪೆಟ್ಟಿಗೆ ಅವನ ಕೋಣೆಯೊಳಗೆ, ಅವನ ಮೂಗಿನ ಕಡೆ ಮುಖ ಮಾಡಿಕೊಂಡು ಕೂತಿರುತ್ತಿತ್ತು. ಅವನು ಕಿಟಕಿಯಿಂದ ಕೂಗಿದ್ದೇ ತೂಕ. ವರ್ಷಗಟ್ಟಲೆ ಜನ ಅದನ್ನೇ ದೇವರ ಅಪ್ಪಣೆ ಅಂತ ಒಪ್ಪಿಕೊಂಡು, ಮನೆಗೆ ಬಂದು ಹಣೆ ಚಚ್ಚಿಕೊಂಡರು.

ರೈತ ಸಂಘದವರ ಸಭೆಯಲ್ಲಿ ಗಂಡಸರು ಭಾಷಣ ಹೊಡೆಯುತ್ತಿದ್ದಾಗ ಹಿಂದೆ ಕೂತಿದ್ದ ಸಣ್ಣತಾಯಮ್ಮ ಎದ್ದು, “ಖಾಲಿ ಗಾಡಿ ತೂಗ್ಸಿ ನೋಡಿದ್ದೀರಾ ಮೊದ್ಲು?” ಎಂದಳು. ಯಾರೂ ನೋಡಿರಲಿಲ್ಲ. ಮರುದಿನ ಒಂದು ಖಾಲಿ ಗಾಡಿಯನ್ನು ಅಕ್ಕಿ ಗಿರಣಿಯಲ್ಲಿ ತೂಗಿಸಿ, ಅದನ್ನೇ ಹೊಡೆದುಕೊಂಡು ದಲ್ಲಾಳಿಯ ಹತ್ತಿರ ಹೋದರು. ಅಷ್ಟು ದಾರಿ ಬರುವಷ್ಟರಲ್ಲಿ ಗಾಡಿ ದಪ್ಪಗಾಗಿತ್ತು. ತುಂಬಿದ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದು ಉಳಿದದ್ದಷ್ಟೇ ಕಬ್ಬು; ಗಾಡಿ ದಪ್ಪಗಾದಷ್ಟೂ ಕಬ್ಬು ಬಡವಾಗುತ್ತಿತ್ತು. “ದಾರೀಲಿ ಗಾಡಿ ಏನಾದ್ರೂ ಮುದ್ದೆ ಉಣ್ತಾ ಸ್ವಾಮಿ?” ಎಂದು ಅವಳು ಕಿಟಕಿಯೊಳಗೆ ಮುಖ ತೂರಿಸಿ ಕೇಳಿದ್ದು ಸುತ್ತಿನ ಹಳ್ಳಿಗಳಲ್ಲಿ ಗಾದೆಯ ಹಾಗೆ ನಿಂತುಬಿಟ್ಟಿತು. ಹೆಂಗಸರು ಗೇಟಿಗೆ ಅಡ್ಡ ಮಲಗಿದರು. ಪೊಲೀಸರು ಎಳೆದರು, ಮತ್ತೆ ಮಲಗಿದರು. ಕೊನೆಗೆ ಆ ಪೆಟ್ಟಿಗೆ ಕೋಣೆಯಿಂದ ಹೊರಗೆ ಬಂದು, ರೈತರ ಕಡೆ ಮುಖ ತಿರುಗಿಸಿ ಕಂಬದ ಮೇಲೆ ಕೂತಿತು.

ರೈತರೇನು ಸಾಚಾ ಅಲ್ಲ. ಖಾಲಿ ಗಾಡಿ ತೂಗುವಾಗ ಹಲಗೆ ಕಿತ್ತಿಟ್ಟು ಹಗುರ ಮಾಡಿಕೊಂಡು ಬರುವ ನಮ್ಮವರೂ ಇದ್ದರು. ಅಂಥವರನ್ನು ಸಣ್ಣತಾಯಮ್ಮ ಅಲ್ಲೇ ಹಿಡಿದು ಉಗಿಯುತ್ತಿದ್ದಳು. “ಖಾಲಿ ಅಂದ್ಮೇಲೆ ನಿಜ್ವಾಗ್ಲೂ ಖಾಲಿ ಇರ್ಬೇಕು ಕಣ್ಲಾ. ಇಲ್ದಿದ್ರೆ ಅವನಿಗೂ ನಿನಗೂ ಏನ್ಲಾ ಫರಕು?”

ಅವಳ ಎರಡನೇ ಜಗಳ ಸ್ಕ್ಯಾನಿಂಗ್ ಮಿಷನ್ನಿನ ಜೊತೆ. ಪಕ್ಕದ ಮನೆಯ ಮಂಗಳಮ್ಮನ ಸೊಸೆಯನ್ನು ಪಟ್ಟಣದ ಒಂದು ಸಂದಿಗೆ ಕರೆದುಕೊಂಡು ಹೋಗಿ ಹೊಟ್ಟೆಗೆ ಕೋಲಿಟ್ಟು ನೋಡಿಸಿದ್ದರು. ಹೆಣ್ಣು ಅಂತ ಗೊತ್ತಾಯಿತು. ಆಮೇಲೆ ಇನ್ಯಾರೋ ಏನೋ ಮಾಡಿದರು. ಆ ಹುಡುಗಿ ರಕ್ತ ಹೋಗಿ ಹೋಗಿ ಸತ್ತಳು. ಸಣ್ಣತಾಯಮ್ಮ ಊರಿನ ಹೆಂಗಸರನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋಗಿ ಆ ಅಂಗಡಿಯ ಮುಂದೆ ಕೂತಳು. ಅಧಿಕಾರಿಗಳು ಬಂದು ಮಿಷನ್ನಿಗೆ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿದರು. ಅವತ್ತು ಒಬ್ಬ ಅಧಿಕಾರಿ ಹೇಳಿದ ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಇಂಥ ಮಿಷನ್ನು ಅದಕ್ಕೆ ಅಂತ ಸರ್ಕಾರದಲ್ಲಿ ಬರೆಸಿದ ಕೋಣೆ ಬಿಟ್ಟು, ಯಾರದೋ ಇಷ್ಟಕ್ಕೆ ಅಲ್ಲಿ ಇಲ್ಲಿ ತಿರುಗಾಡುವಂತಿಲ್ಲ.

ಇಷ್ಟು ಹಿನ್ನೆಲೆ ಗೊತ್ತಿದ್ದರೆ, ಕೊರೋನಾದ ಎರಡನೇ ಅಲೆಯಲ್ಲಿ ಅವಳು ಮಾಡಿದ್ದು ಹುಚ್ಚು ಅನ್ನಿಸುವುದಿಲ್ಲ. ತಪ್ಪು ಅನ್ನಿಸಬಹುದು.

ಚಿಕ್ಕಸ್ವಾಮಿಗೆ ಜ್ವರ ಹಿಡಿದು, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿನಲ್ಲಿ ಆಕ್ಸಿಜನ್ ಅಂಕಿ ಇಳಿದಾಗ ಯಾವ ಆಸ್ಪತ್ರೆಯಲ್ಲೂ ಮಂಚ ಖಾಲಿ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಮುಚ್ಚಿಹೋಗಿದ್ದ ಒಂದು ಖಾಸಗಿ ಕಾಲೇಜಿನ ಹಾಸ್ಟೆಲಿನಲ್ಲಿ. ಹುಡುಗರು ಮಲಗುತ್ತಿದ್ದ ದೊಡ್ಡ ಕೋಣೆಯಲ್ಲಿ ಕಬ್ಬಿಣದ ಮಂಚಗಳನ್ನು ಸಾಲಾಗಿ ಹಾಕಿ, ಆಕ್ಸಿಜನ್ ಸಿಲಿಂಡರ್ ನಿಲ್ಲಿಸಿ ವಾರ್ಡು ಅಂದಿದ್ದರು. ಗೋಡೆಯ ಮೇಲೆ ಇನ್ನೂ ಹುಡುಗರು ಗೀಚಿದ ಹೆಸರುಗಳು. ಮಂಚ ಯಾರಿಗೆ ಅನ್ನುವುದು ಹಾಸ್ಟೆಲಿನ ಯಜಮಾನನ ಮಾತು. ಚಿಕಿತ್ಸೆ ಡಾಕ್ಟರಮ್ಮನ ಕೆಲಸ. ನೋಡಿಕೊಳ್ಳುವ ಕೈಗಳು ಕಡಿಮೆ ಇದ್ದುದರಿಂದ ಒಬ್ಬೊಬ್ಬರ ಕಡೆಯಿಂದ ಒಬ್ಬರು ಒಳಗೇ ಇದ್ದರೂ ಯಾರೂ ಕೇಳುತ್ತಿರಲಿಲ್ಲ. ಸಣ್ಣತಾಯಮ್ಮ ಎರಡು ಮಾಸ್ಕ್ ಒಂದರ ಮೇಲೊಂದು ಕಟ್ಟಿಕೊಂಡು ಗಂಡನ ಕಾಲ ಬಳಿ ನೆಲದ ಮೇಲೆ ಬಿಡಾರ ಹೂಡಿದಳು.

ಅಲ್ಲಿ ಹೆದರಿಕೆ ಗಾಳಿಯಲ್ಲೇ ಇತ್ತು. ಪಕ್ಕದ ಜಿಲ್ಲೆಯಲ್ಲಿ ಆಕ್ಸಿಜನ್ ಇಲ್ಲದೆ ಜನ ಸತ್ತ ಸುದ್ದಿ ಬಂದಿತ್ತು. ಮೈಸೂರಿಗೆ ಕಳಿಸಿದವರು ಚೀಲದಲ್ಲಿ ಸುತ್ತಿಕೊಂಡು ಬರುತ್ತಾರೆ, ಮುಖ ಕೂಡ ತೋರಿಸುವುದಿಲ್ಲ ಎಂದು ಪಕ್ಕದ ಮಂಚದವರು ಹೇಳುತ್ತಿದ್ದರು. ಉಳ್ಳವರಿಗೆ ಜಾಗ ಮಾಡಿಕೊಡಲು ಇಲ್ಲದವರನ್ನು ಮೈಸೂರಿಗೆ ಸಾಗಹಾಕುತ್ತಾರೆ ಅನ್ನುವ ಮಾತೂ ಇತ್ತು. ಸಣ್ಣತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಯಾವುದನ್ನೂ ನಂಬಲಿಲ್ಲ, ಯಾವುದನ್ನೂ ಬಿಡಲೂ ಇಲ್ಲ.

ಆ ಬೆಳಿಗ್ಗೆ ಅಂಗಳದಲ್ಲಿ ಒಂದು ಆಟೋ ನಿಂತಿತ್ತು. ಸುತ್ತೂರು ಕಡೆಯ ಮುತ್ತಮ್ಮ ಅನ್ನುವ ಹೆಂಗಸು ಒಳಗೆ ಒರಗಿಕೊಂಡು ಮೀನಿನ ಹಾಗೆ ಬಾಯಿ ತೆರೆದು ಉಸಿರಾಡುತ್ತಿದ್ದಳು. ಮಗಳು ರಟ್ಟಿನ ಚೂರಲ್ಲಿ ಗಾಳಿ ಹಾಕುತ್ತಿದ್ದಳು. ಸಣ್ಣತಾಯಮ್ಮ ಒಂದು ಚೊಂಬು ನೀರು ಕೊಟ್ಟು ಬಂದಳು. ಆಟೋದ ಹಿಂದೆ ಒಂದು ದೊಡ್ಡ ಬಿಳಿ ಕಾರು. ಅದರಲ್ಲಿ ರಸ್ತೆ ಕಂಟ್ರಾಕ್ಟರ್ ಶಿವಸ್ವಾಮಿ ಎ.ಸಿ. ಹಾಕಿಸಿಕೊಂಡು ಕೂತಿದ್ದ. ಅವನ ಕಡೆಯವರು ಹಾಸ್ಟೆಲಿನ ಯಜಮಾನನ ಕಿವಿಯಲ್ಲಿ ಏನೋ ಊದುತ್ತಿದ್ದರು. ಯಜಮಾನ ಕಿಟಕಿಯಿಂದ ಒಳಗಿನ ಮಂಚಗಳನ್ನು ದನದ ಸಂತೆಯಲ್ಲಿ ಹಲ್ಲು ನೋಡುವವನ ಹಾಗೆ ಒಂದೊಂದಾಗಿ ನೋಡಿದ.

ಅವಳು ಒಳಗೆ ಬಂದು ಕೂತು ಸ್ವಲ್ಪ ಹೊತ್ತಿಗೆ ಡಾಕ್ಟರ್ ಪ್ರಿಯಂವದಾ ಒಂದು ಚಕ್ರದ ಮೇಜು ತಳ್ಳಿಕೊಂಡು ಬಂದಳು. ನಂಜನಗೂಡಿನ ಗುಡಿಯ ಪೂಜೆಯ ಮನೆತನದ ಹುಡುಗಿ. ಮೈತುಂಬ ಪ್ಲಾಸ್ಟಿಕ್ ಹೊದ್ದಿದ್ದರಿಂದ ಕಾಣುತ್ತಿದ್ದುದು ನಿದ್ದೆಗೆಟ್ಟ ಎರಡು ಕಣ್ಣು ಮಾತ್ರ. ಮೇಜಿನ ಮೇಲೆ ಒಂದು ಪರದೆ, ವೈರು, ವೈರಿನ ತುದಿಗೆ ಒಂದು ಗಿಡ್ಡ ಕೋಲು.

ಸಣ್ಣತಾಯಮ್ಮ ಅದನ್ನು ನೋಡಿದ್ದೇ ತಡ, ಎದ್ದು ಮಂಚಕ್ಕೆ ಅಡ್ಡ ನಿಂತಳು. ಮುದ್ರೆ ಒತ್ತಿಸಿದ ಮಿಷನ್ನಿನ ಒಡಹುಟ್ಟನ್ನು ಅವಳು ಮರೆಯುವವಳೇ?

“ಇದು ಬಸುರಿ ಹೆಂಗಸ್ರಿಗೆ ಇಡೋ ಮಿಷನ್ ಅಲ್ವಾ ಡಾಕ್ಟ್ರಮ್ಮ?”

“ಅದೇ ಜಾತಿ ಮಿಷನ್ ಅಮ್ಮ. ಆದರೆ ಈಗ ಎದೆ ನೋಡೋಕೆ.”

“ಇದು ಕೋಣೆ ಬುಟ್ಟು ಈಚೆ ಬರಂಗಿಲ್ಲ ಅಂತ ಕಾನೂನದೆ. ಇಲ್ಲಿಗೆ ಎಂಗೆ ಬಂತು?”

ಪ್ರಿಯಂವದಾ ಒಂದು ಗಳಿಗೆ ತಬ್ಬಿಬ್ಬಾದಳು. ಆ ವಾರ್ಡಿನಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. “ಪರ್ಮಿಷನ್ ತಗೊಂಡೇ ತಂದಿದ್ದೀವಿ. ಉಸಿರಿನ ಚೀಲ ಎಷ್ಟು ಕೆಟ್ಟಿದೆ ಅಂತ ಮಂಚದ ಹತ್ತಿರವೇ ನೋಡಬಹುದು. ಇಲ್ಲಿ ಸಿಟಿ ಸ್ಕ್ಯಾನ್ ಇಲ್ಲ. ಮೈಸೂರಿಗೆ ಕಳಿಸಿ, ಕ್ಯೂ ನಿಲ್ಲಿಸಿ ತೆಗೆಸೋದ್ರೊಳಗೆ ಜನ ಸುಸ್ತಾಗ್ತಾರೆ.”

“ಪರ್ಮಿಷನ್ನು ಅವರಿಗೂ ಇತ್ತು” ಎಂದಳು ಸಣ್ಣತಾಯಮ್ಮ, ಆ ಸಂದಿಯ ಅಂಗಡಿಯವರನ್ನು ನೆನೆಸಿಕೊಂಡು.

ಚಿಕ್ಕಸ್ವಾಮಿ ಆಕ್ಸಿಜನ್ ಮಾಸ್ಕಿನೊಳಗಿಂದ ನಕ್ಕ. “ಬುಡು ಅಮ್ಮಿ, ನೋಡ್ಲಿ. ಗಂಡೋ ಹೆಣ್ಣೋ ಗೊತ್ತಾಗ್ಲಿ.”

“ನೀ ಸುಮ್ಕಿರು. ಉಸ್ರು ಇಲ್ದಿದ್ರೂ ಕೊಂಕಿಗೇನೂ ಕಮ್ಮಿ ಇಲ್ಲ.”

ನಗುವಿಗೇ ಅವನಿಗೆ ಕೆಮ್ಮು ಒತ್ತಿ ಬಂತು. ಅದು ನಿಲ್ಲುವ ತನಕ ಕಾದು, ಡಾಕ್ಟರಮ್ಮ ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಿದಳು. ಕೋಲಿಗೆ ತಣ್ಣನೆಯ ಅಂಟು ಹಚ್ಚಿ ಎದೆ, ಪಕ್ಕೆ, ಬೆನ್ನು ಅಂತ ಒತ್ತುತ್ತಾ ಹೋದಳು. ಪರದೆ ಅವಳ ಕಡೆಗಿತ್ತು. ಸಣ್ಣತಾಯಮ್ಮನಿಗೆ ಕಂಡದ್ದು ಪರದೆಯ ಹಿಂಬದಿಯ ಕಪ್ಪು ತಗಡು ಮಾತ್ರ. ಅವಳಿಗೆ ದಲ್ಲಾಳಿಯ ಕಿಟಕಿ ನೆನಪಾಯಿತು.

ಪ್ರಿಯಂವದಾ ಕೋಲು ಕೆಳಗಿಟ್ಟು ಹೇಳಿದಳು. “ಇವರನ್ನ ಇವತ್ತೇ ಮೈಸೂರಿಗೆ ಕಳಿಸಬೇಕು.”

“ಯಾಕೆ? ಮಾತಾಡ್ತಾವ್ನೆ. ಕ್ಲಿಪ್ಪಲ್ಲಿ ಅಂಕಿ ಚೆನ್ನಾಗದೆ.”

“ಅಂಕಿ ಚೆನ್ನಾಗಿರೋದು ಆಕ್ಸಿಜನ್ ಹಾಕಿರೋದಕ್ಕೆ. ಒಳಗೆ ಬೆನ್ನಿನ ಕಡೆ ಎರಡೂ ಭಾಗ ಕೆಟ್ಟಿದೆ. ಉಸಿರು ಎಷ್ಟು ಜೋರಾಗಿ ಎಳೀತಿದಾರೆ ನೋಡಿ. ನಾಳೆ ಈ ಆಕ್ಸಿಜನ್ ಸಾಲೋದಿಲ್ಲ. ಇದಕ್ಕಿಂತ ಜೋರಾಗಿ ಉಸಿರು ಕೊಡೋ ದೊಡ್ಡ ಮಿಷನ್ ನಮ್ಮಲ್ಲಿಲ್ಲ.”

ಸಣ್ಣತಾಯಮ್ಮ ಕಿಟಕಿಯ ಆಚೆ ನೋಡಿದಳು. ಬಿಳಿ ಕಾರಿನ ಬಾಗಿಲು ತೆರೆದಿತ್ತು. ಶಿವಸ್ವಾಮಿಯ ಕಡೆಯವನೊಬ್ಬ ಹೊಸ ದಿಂಬು, ಹೊದಿಕೆ ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದ. ಮಂಚ ಇನ್ನೂ ಖಾಲಿಯಾಗಿಲ್ಲ, ದಿಂಬು ಬಂದು ನಿಂತಿದೆ. ಅವಳಿಗೆ ಇನ್ನು ಬೇರೆ ಪುರಾವೆ ಬೇಕಿರಲಿಲ್ಲ.

“ಓಗಲ್ಲ” ಎಂದಳು.

“ಅಮ್ಮ, ಹೊತ್ತು ಕಳೆದಷ್ಟೂ…”

“ಇವನ್ನ ಚೀಲ್ದಲ್ಲಿ ಕಟ್ಟಿ ಕಳ್ಸಿ ಆ ಮಂಚ ಯಾರಿಗೆ ಕೊಡ್ತೀರಿ ಅಂತ ನನಗೆ ಗೊತ್ತು. ನೀನು ಅಯ್ನೋರ ಮನೆ ಮಗು, ನಿನಗೆ ಕೆಟ್ಟದ್ದು ಅನ್ನಲ್ಲ. ಆದ್ರೆ ನಿನ್ನ ಪರದೇಲಿ ಏನು ಕಾಣ್ತು ಅಂತ ನನಗೆ ಎಂಗೆ ಗೊತ್ತಾಗ್ಬೇಕು? ತಪ್ಪು ಆಗ್ಬಾರದು ಅಂತ ಏನಾದ್ರೂ ಇದ್ದಾ?”

ಪ್ರಿಯಂವದಾ ಪರದೆಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದಳು. “ಆಗಬಹುದು. ಹೃದಯದ ಕಾಯಿಲೆಯವರಿಗೂ ಹೀಗೇ ಕಾಣುತ್ತೆ. ಅದಕ್ಕೇ ಇದೊಂದನ್ನೇ ನಂಬಲ್ಲ ನಾನು. ಉಸಿರು ನೋಡ್ತೀನಿ, ಆಕ್ಸಿಜನ್ ಎಷ್ಟು ಬೇಕಾಗಿದೆ ನೋಡ್ತೀನಿ. ಎಲ್ಲ ಸೇರಿಸಿ ಹೇಳ್ತಿದೀನಿ.”

ಕೋಟು ಹಾಕಿದವರು ತಪ್ಪಾಗಬಹುದು ಅಂದದ್ದನ್ನು ಸಣ್ಣತಾಯಮ್ಮ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಅದರಿಂದ ಅವಳ ಅನುಮಾನ ಕಮ್ಮಿಯಾಗಲಿಲ್ಲ. ಆದರೆ ದಾರಿ ಬದಲಿಸಿತು.

“ಅಂಗಾದ್ರೆ ಖಾಲಿ ಗಾಡಿ ತೂಗು ಮೊದ್ಲು.”

“ಏನು?”

“ಚೆನ್ನಾಗಿರೋ ಎದೆ ಎಂಗಿರ್ತದೆ ಅಂತ ತೋರ್ಸು. ಆಮೇಲೆ ಇವನ್ದು ತೋರ್ಸು. ನಾನು ಗಟ್ಟಿಯಾಗಿವ್ನಿ, ನನಗಿಡು. ಪರದೆ ನನ್ನ ಕಡೆ ತಿರುಗ್ಸು.”

ಪ್ರಿಯಂವದಾಗೆ ವಾದಕ್ಕಿಂತ ಇದು ಬೇಗ ಮುಗಿಯುತ್ತದೆ ಅನ್ನಿಸಿರಬೇಕು. ಪರದೆ ತಿರುಗಿಸಿದಳು. “ಚೆನ್ನಾಗಿದ್ರೆ ಮೇಲೊಂದು ಬಿಳಿ ಗೆರೆ ಇರುತ್ತೆ. ನೀವು ಉಸಿರಾಡಿದ ಹಾಗೆ ಅದು ಸರೀತಾ ಇರುತ್ತೆ. ಅದರ ಕೆಳಗೆ ಅಡ್ಡಕ್ಕೆ ಗೆರೆಗಳು, ಹೊಲ ಉತ್ತ ಸಾಲಿನ ಹಾಗೆ. ಕೆಟ್ಟಿದ್ರೆ ಮೇಲಿಂದ ಕೆಳಕ್ಕೆ ಬೆಳಕು ಬೀಳುತ್ತೆ. ಹೆಂಚು ಒಡೆದ ಮನೇಲಿ ಬಿಸಿಲುಕೋಲು ಇಳಿಯುತ್ತಲ್ಲ, ಹಾಗೆ.”

ಸಣ್ಣತಾಯಮ್ಮ ಸ್ಟೂಲಿನ ಮೇಲೆ ಕೂತು, ಬೆನ್ನ ಮೇಲಿನ ಸೆರಗು ಸರಿಸಿದಳು. ಕೋಲು ತಣ್ಣಗೆ ತಾಗಿತು. ಅವಳು ಕಣ್ಣು ಮಿಟುಕಿಸದೆ ಪರದೆ ನೋಡಿದಳು. ಉತ್ತ ಸಾಲು ಹುಡುಕಿದಳು.

ಸಾಲು ಇರಲಿಲ್ಲ. ಮೇಲಿಂದ ಕೆಳಕ್ಕೆ ಒಂದು ಬಿಳಿ ಕೋಲು ಇಳಿದಿತ್ತು. ಪಕ್ಕದಲ್ಲಿ ಇನ್ನೊಂದು. ಉಸಿರಾಡಿದ ಹಾಗೆ ಅವು ಅತ್ತಿತ್ತ ತೂಗಾಡಿದವು.

ಡಾಕ್ಟರಮ್ಮ ಕೋಲನ್ನು ಇನ್ನೊಂದು ಕಡೆ ಇಟ್ಟಳು. ಅಲ್ಲೂ ಬಿಸಿಲುಕೋಲು. ಅವಳು ಕೋಲನ್ನು ಇನ್ನೂ ಕೆಳಗೆ ಸರಿಸಿದಳು. ಅಷ್ಟರಲ್ಲಿ ಸಣ್ಣತಾಯಮ್ಮ ಎದ್ದು ನಿಂತು ಇಡೀ ವಾರ್ಡಿಗೆ ಕೇಳುವ ಹಾಗೆ ಗಂಟಲು ಎತ್ತಿದ್ದಳು.

“ನೋಡ್ರಪ್ಪಾ ನೋಡಿ! ನೆಟ್ಟಗೆ ನಿಂತಿರೋ ನನಗೂ ಸಾವು ತೋರಿಸ್ತದೆ ಈ ಮಿಷನ್ನು! ಯಾರಿಗಿಟ್ರೂ ಒಂದೇ ಚಿತ್ರ. ಕಾಯಿಲೆ ಇಲ್ದೋರ್ಗೂ ಕಾಯಿಲೆ. ಮಂಚ ಖಾಲಿ ಮಾಡ್ಸಕೆ ಇಟ್ಕಂಡವ್ರೆ ಇದನ್ನ!”

ಬೆಂಕಿ ಬಿದ್ದ ಕಬ್ಬಿನ ಗದ್ದೆಯ ಹಾಗೆ ಮಾತು ಹರಡಿತು. ಪಕ್ಕದ ಮಂಚದವನ ಅಣ್ಣ ಎದ್ದು, ನಮ್ಮೋನಿಗೆ ಅದನ್ನ ಇಟ್ರೆ ಒಡೆದಾಕ್ತೀನಿ ಅಂದ. ಇನ್ನೊಬ್ಬಳು ತನ್ನ ತಾಯಿಯ ಎದೆಯ ಮೇಲೆ ಹೊದಿಕೆ ಎಳೆದಳು. ಯಾರೋ ಮೇಜನ್ನು ಒದ್ದರು, ಅದು ಗೋಡೆಗೆ ಹೋಗಿ ತಾಗಿತು. ಪ್ರಿಯಂವದಾ ಎರಡೂ ಕೈಯಲ್ಲಿ ಪರದೆ ತಬ್ಬಿಕೊಂಡು ಕಿರುಚಿದಳು. “ಒಡೀರಿ! ಒಡೆದುಬಿಡಿ! ನನಗೂ ಮಲಗೋಕೆ ಟೈಮ್ ಸಿಗುತ್ತೆ!”

ಗಲಾಟೆಗೆ ಆಂಬ್ಯುಲೆನ್ಸ್ ಡ್ರೈವರ್ ಮಾದೇಶ್ ಒಳಗೆ ಓಡಿಬಂದ. ಅದೇ ನರಸೀಪುರ ರಸ್ತೆಯ ಹುಡುಗ, ಸಣ್ಣತಾಯಮ್ಮನ ಧರಣಿಗಳಿಗೆ ಮೈಕ್ ಕಟ್ಟಿದವನು.

“ಏನಕ್ಕ ಇದು, ಇಲ್ಲೂ ಶುರು ಮಾಡ್ಕಂಡ್ಯಾ?”

ಪ್ರಿಯಂವದಾ ಅವನ ತೋಳು ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು. “ಶರ್ಟ್ ಎತ್ತಪ್ಪ.”

“ನಾನೇನ್ ಮಾಡ್ದೆ ಮೇಡಂ?”

“ಎತ್ತು ಅಂದೆ.”

ಅವನ ಬೆನ್ನಿಗೆ ಕೋಲಿಟ್ಟು ಪರದೆಯನ್ನು ಎಲ್ಲರ ಕಡೆ ತಿರುಗಿಸಿದಳು. ಮೇಲೊಂದು ಬಿಳಿ ಗೆರೆ, ಉಸಿರಿನ ಜೊತೆ ಸರಿಯುತ್ತಿತ್ತು. ಕೆಳಗೆ ಅಡ್ಡಕ್ಕೆ ಒಂದರ ಕೆಳಗೊಂದು, ಮಳೆಗೆ ಮುಂಚೆ ಉತ್ತಿಟ್ಟ ಹೊಲದ ಹಾಗೆ ನೀಟಾದ ಸಾಲು. ಎಡ ಬಲ ಎಲ್ಲಿಟ್ಟರೂ ಅದೇ ಸಾಲು. ಬಿಸಿಲುಕೋಲು ಒಂದೂ ಇಲ್ಲ. ಅಷ್ಟೇ ವೇಗದಲ್ಲಿ ಕೋಲನ್ನು ತಿರುಗಿ ಚಿಕ್ಕಸ್ವಾಮಿಯ ಬೆನ್ನಿಗಿಟ್ಟಳು. ಅಲ್ಲಿ ಕೋಲುಗಳು ಕೂಡ ಇರಲಿಲ್ಲ. ಬೆಳಕು ಒಂದಕ್ಕೊಂದು ಸೇರಿ, ಸೂರೇ ಹಾರಿಹೋದ ಮನೆಯ ಹಾಗೆ ಪರದೆ ಪೂರ್ತಿ ಬೆಳ್ಳಗಿತ್ತು.

ಸಣ್ಣತಾಯಮ್ಮ ನೋಡಿದಳು. ತಿಕ್ಕಲು ತಕ್ಕಡಿ ಎಲ್ಲರಿಗೂ ಒಂದೇ ಸುಳ್ಳು ಹೇಳುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಇದು ಮೂವರಿಗೆ ಮೂರು ಹೇಳುತ್ತಿತ್ತು. ಆದರೂ ಅವಳು ಬಿಡಲಿಲ್ಲ. “ಅಂಗಾದ್ರೆ ನನ್ದು ಯಾಕೆ ಅಂಗೆ ಬಂತು? ನನಗೇನಾಗದೆ?”

ಉತ್ತರ ಬಂದದ್ದು ಡಾಕ್ಟರಮ್ಮನಿಂದ ಅಲ್ಲ. ಚಿಕ್ಕಸ್ವಾಮಿ ಮಾಸ್ಕನ್ನು ಒಂದು ಬೆರಳಲ್ಲಿ ಎತ್ತಿದ.

“ನನ್ನ ಜ್ವರದ ಮಾತ್ರೆ ಪಟ್ಟಿ ಬ್ಯಾಗ ಬ್ಯಾಗ ಯಾಕೆ ಖಾಲಿ ಆಯ್ತಾ ಅದೆ ಅಮ್ಮಿ?”

ಅವಳು ತಿರುಗಿ ನೋಡಲಿಲ್ಲ.

“ಸೆರಗು ಬಾಯಿಗೆ ತುರುಕ್ಕಂಡು ಕೆಮ್ಮಾದು ನನಗೆ ಕೇಳಕಿಲ್ಲ ಅನ್ಕಂಡಿದ್ಯಾ? ಮಲಗಿರೋನು ನಾನು. ಸತ್ತಿಲ್ಲ.”

ಮೇಜು ಒದ್ದವನು ಅದನ್ನು ಮೆಲ್ಲಗೆ ಎಳೆದು ಮೊದಲಿದ್ದ ಜಾಗಕ್ಕೆ ತಂದಿಟ್ಟ. ಪ್ರಿಯಂವದಾ ಸಣ್ಣತಾಯಮ್ಮನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, “ಆ ಬಾಗಿಲ ತನಕ ನಡೆದು ಬನ್ನಿ” ಎಂದಳು. ಅವಳು ಮೆರವಣಿಗೆಯಲ್ಲಿ ನಡೆಯುವ ಹಾಗೆ ದಾಪುಗಾಲು ಹಾಕಿ ಹೋದಳು. ಬರುವಷ್ಟರಲ್ಲಿ ಕ್ಲಿಪ್ಪಿನ ಅಂಕಿ ಬಿದ್ದಿತ್ತು, ಅವಳು ಮಂಚದ ಕಂಬಿ ಹಿಡಿದುಕೊಂಡಿದ್ದಳು.

ಮೈ ಬಿಸಿ ಇದ್ದುದು ಅವಳಿಗೆ ಗೊತ್ತಿತ್ತು. ಗೊತ್ತಾದರೆ ತನ್ನನ್ನು ಹೊರಗೆ ಹಾಕುತ್ತಾರೆ, ತಾನು ಹೊರಗೆ ಹೋದ ಗಳಿಗೆಗೆ ಇವನನ್ನು ಸಾಗಹಾಕುತ್ತಾರೆ ಎಂದು ಮಾತ್ರೆ ನುಂಗಿ ನುಂಗಿ ಮುಚ್ಚಿಟ್ಟಿದ್ದಳು. ನುಂಗಿದ ಮೇಲೆ ತಾನು ಗಟ್ಟಿ ಇದ್ದೇನೆ ಅಂತ ತಾನೇ ನಂಬಿಬಿಟ್ಟಿದ್ದಳು. ಊರೆಲ್ಲವನ್ನೂ ಅನುಮಾನಿಸಿದವಳು ತನ್ನ ಮೈಯನ್ನು ಒಂದು ಸಲವೂ ಅನುಮಾನಿಸಿರಲಿಲ್ಲ. ಖಾಲಿ ಅಂತ ಹೇಳಿ ತುಂಬಿದ ಗಾಡಿಯನ್ನು ವೇಬ್ರಿಡ್ಜಿಗೆ ಹತ್ತಿಸಿದ್ದಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅಲ್ಲೇ ನಿಲ್ಲಿಸಿ ಉಗಿಯುತ್ತಿದ್ದಳು.

“ಇಬ್ರನ್ನೂ ಒಂದೇ ಗಾಡೀಲಿ ಕಳಿಸ್ತೀಯಾ?” ಎಂದಷ್ಟೇ ಕೇಳಿದಳು.

“ಒಂದೇ ಗಾಡಿ” ಎಂದಳು ಪ್ರಿಯಂವದಾ.

ಚಿಕ್ಕಸ್ವಾಮಿಯನ್ನು ಸ್ಟ್ರೆಚರಿನಲ್ಲಿ ಇಳಿಸಿದರು. ಸಣ್ಣತಾಯಮ್ಮ ಹಿಂದೆ ಬಂದಳು. ಮೆಟ್ಟಿಲ ಮೇಲೆ ಶಿವಸ್ವಾಮಿ ಎದುರಾದ. ತನ್ನ ಕಾಲಲ್ಲೇ ಹತ್ತಿ ಬರುತ್ತಿದ್ದ. ಅವನ ಮುಂದೆ ದಿಂಬಿನವನು.

“ಏನ್ ತಾಯಮ್ಮ, ಎಲ್ಲಿಗೋ ಸವಾರಿ?”

“ನಿನಗೆ ಜಾಗ ಮಾಡಿಕೊಟ್ಟು ಓಯ್ತಾ ಇವ್ನಿ ಕಣಪ್ಪ” ಎಂದಳು. ಅವನು ನಕ್ಕ. ಏದುಸಿರು ಬಿಡದೆ, ತಡೆಯದೆ, ಹೊಟ್ಟೆ ಕುಣಿಸಿ ನಕ್ಕ. ಆ ನಗು ಅವಳ ಕಿವಿಯಲ್ಲಿ ಕೂತಿತು. ಆಚೆ ಆಟೋ ಹಾಗೇ ನಿಂತಿತ್ತು. ಮುತ್ತಮ್ಮನ ಮಗಳು ರಟ್ಟು ಬಿಟ್ಟು ಸೆರಗಲ್ಲಿ ಗಾಳಿ ಹಾಕುತ್ತಿದ್ದಳು.

ಆಂಬ್ಯುಲೆನ್ಸಿನ ಬಾಗಿಲು ಮುಚ್ಚುವಾಗ ಸಣ್ಣತಾಯಮ್ಮ ಕೈ ಅಡ್ಡ ಕೊಟ್ಟು, ಮೆಟ್ಟಿಲ ಮೇಲೆ ನಿಂತಿದ್ದ ಡಾಕ್ಟರಮ್ಮನಿಗೆ ಕೂಗಿದಳು. “ಅವನಿಗೂ ಇಡು! ಆಟೋದಲ್ಲಿರೋಳ್ಗೂ ಇಡು! ಪರದೆ ಜನದ ಕಡೆ ತಿರುಗ್ಸು!”

“ಬಾಗಿಲು ಬುಡಕ್ಕ, ಗಾಡಿಗೆ ಒಂದು ಸೈರನ್ ಸಾಕು” ಎಂದ ಮಾದೇಶ್.

ಮೈಸೂರಿನಲ್ಲಿ ಚಿಕ್ಕಸ್ವಾಮಿಗೆ ಆ ದೊಡ್ಡ ಮಿಷನ್ನು ಬೇಕೇ ಆಯಿತು. ಹೋದ ಮಾರನೇ ದಿನವೇ ಬೇಕಾಯಿತು. ಹಾಸ್ಟೆಲಿನಲ್ಲೇ ಉಳಿದಿದ್ದರೆ ಆಗ ಏನಾಗುತ್ತಿತ್ತು ಅನ್ನುವುದನ್ನು ಸಣ್ಣತಾಯಮ್ಮ ಇನ್ನೊಂದು ವಾರ್ಡಿನಲ್ಲಿ ಮಲಗಿಕೊಂಡು ಲೆಕ್ಕ ಹಾಕಿದಳು. ಅವಳು ಬೇಗ ಎದ್ದಳು. ಅವನು ತಡವಾಗಿ ಎದ್ದ. ಊರಿಗೆ ಬಂದವನು ಮೊದಲಿನ ಚಿಕ್ಕಸ್ವಾಮಿ ಅಲ್ಲ. ಗದ್ದೆಯ ಬದುವಿನ ತನಕ ಹೋಗಲು ನಡುವೆ ಕೂತು ಏಳಬೇಕು. ಕೊಂಕು ಮಾತ್ರ ಹಾಗೇ ಇತ್ತು.

ಮಳೆಗಾಲ ಕಳೆದ ಮೇಲೆ ಇಬ್ಬರೂ ನಂಜನಗೂಡಿನಲ್ಲಿ ಪ್ರಿಯಂವದಾಳ ಸಣ್ಣ ಕ್ಲಿನಿಕ್ಕಿಗೆ ಹೋದರು. ಬೆಂಚಿನ ಮೇಲೆ ಸಾಲಾಗಿ ಜನ. ಪ್ಲಾಸ್ಟಿಕ್ ಇಲ್ಲದ ಡಾಕ್ಟರಮ್ಮನ ಮುಖವನ್ನು ಅವಳು ಮೊದಲ ಸಲ ನೋಡಿದಳು. ಅಂದುಕೊಂಡದ್ದಕ್ಕಿಂತ ಸಣ್ಣ ವಯಸ್ಸು.

“ಮೊದ್ಲು ನನಗಿಡು” ಎಂದು ಕೂತಳು. ಈ ಸಲ ಉತ್ತ ಸಾಲು ಕಾಣಿಸಿತು. “ಆಂ. ಇದು ಖಾಲಿ ಗಾಡಿ. ನೆನಪಿಟ್ಕೊ.”

ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದಳು. “ಅವತ್ತು ಶಿವಸ್ವಾಮಿಗೆ ಇಟ್ಯಾ?”

ಪ್ರಿಯಂವದಾ ಕೋಲು ಒರೆಸುತ್ತಿದ್ದ ಕೈ ನಿಲ್ಲಿಸಿದಳು. “ಇಟ್ಟೆ. ಮಾದೇಶನ ಎದೆ ಹೆಂಗಿತ್ತೋ ಹಂಗೇ ಇತ್ತು. ಸ್ವಲ್ಪ ಜ್ವರ, ಅಷ್ಟೆ. ಮನೇಲಿ ಮಲಗಿದ್ರೆ ಸಾಕು ಅಂದೆ.”

“ಆಟೋದೋಳ್ಗೆ?”

“ಆಟೋದಲ್ಲೇ ಕೂರಿಸಿ ನೋಡಿದೆ. ಎದೆ ಚಿಕ್ಕಸ್ವಾಮಿಯವರಷ್ಟೇ ಕೆಟ್ಟಿತ್ತು. ಇನ್ನೊಂದು ಆಂಬ್ಯುಲೆನ್ಸ್ ಬರೋ ತನಕ ಆ ಮಂಚ ಕೊಡಿ, ಆಕ್ಸಿಜನ್ ಆದರೂ ಸಿಗಲಿ ಅಂತ ಹಾಸ್ಟೆಲ್ ಯಜಮಾನರಿಗೆ ಹೇಳಿದೆ.”

“ಕೊಟ್ರಾ?”

“ಇಲ್ಲ.”

“ಮುತ್ತಮ್ಮ?”

“ಮೈಸೂರು ಮುಟ್ಟಲಿಲ್ಲ.”

ಚಿಕ್ಕಸ್ವಾಮಿ ತನ್ನ ಟವೆಲ್ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

“ನೀನು ಹೇಳ್ದಾಗ ಪರದೆ ಯಾರ ಕಡೆ ಇತ್ತು?” ಎಂದು ಸಣ್ಣತಾಯಮ್ಮ ಕೇಳಿದಳು.

“ನನ್ನ ಕಡೆ. ಯಜಮಾನರು, ನಾನು, ಇಬ್ರೇ ಇದ್ದಿದ್ದು.”

“ಅದಕ್ಕೇ ದಿಂಬು ಗೆದ್ದದ್ದು. ವಾರ್ಡಿನ ಮಧ್ಯೆ ಇಟ್ಟು ತೋರ್ಸಿದ್ರೆ ಆ ಮೇಜು ಒದ್ದೋನೇ ಶಿವಸ್ವಾಮೀನ ಎತ್ತಿ ಈಚೆ ಆಕ್ತಿದ್ದ.” ಅವಳು ಮುಂದಕ್ಕೆ ಬಾಗಿದಳು. “ಬರೋ ಸೋಮವಾರ ಆ ಹಾಸ್ಟೆಲ್ ಮುಂದೆ ಸೇರ್ತಾವಿ. ಮುತ್ತಮ್ಮನ ಮಗಳೂ ಬತ್ತಾಳೆ; ಅವಳವ್ವ ಸತ್ತ ಸುದ್ದಿ ನನಗೆ ಮೊದ್ಲೇ ಗೊತ್ತಿತ್ತು, ನಿನ್ನ ಬಾಯಲ್ಲಿ ಕೇಳ್ಬೇಕಿತ್ತು. ನನಗೆ ಹೇಳ್ದಂಗೆ ಮೈಕಲ್ಲಿ ಹೇಳ್ತೀಯಾ?”

ಪ್ರಿಯಂವದಾ ಬಾಗಿಲ ಕಡೆ ನೋಡಿದಳು, ಬೆಂಚಿನ ಕಡೆ ನೋಡಿದಳು. “ಹೇಳ್ತೀನಿ.”

“ಹೇಳಿದ್ಮೇಲೆ ನಂಬ್ತೀನಿ.”

“ಇನ್ನೂ ಅನುಮಾನವಾ ತಾಯಮ್ಮನವರೇ ನನ್ನ ಮೇಲೆ?”

“ನಿನ್ನ ಮಿಷನ್ನಿನ ಮೇಲಿಲ್ಲ. ಕೂತ್ಕಳಯ್ಯ ನೀನು” ಎಂದು ಗಂಡನ ಕಡೆ ತಿರುಗಿದಳು. “ಶರ್ಟ್ ಎತ್ತು.”

ಚಿಕ್ಕಸ್ವಾಮಿ ಕೂತ. ಪ್ರಿಯಂವದಾ ಅಂಟು ಹಚ್ಚುವಷ್ಟರಲ್ಲಿ ಸಣ್ಣತಾಯಮ್ಮ ಎದ್ದು, ಯಾರನ್ನೂ ಕೇಳದೆ, ಪರದೆಯನ್ನು ಎರಡು ಕೈಯಲ್ಲಿ ಹಿಡಿದು ಬೆಂಚಿನ ಕಡೆ ತಿರುಗಿಸಿದಳು. ಬೆಂಚಿನ ತುದಿಯ ಮುದುಕಿ ಕತ್ತು ನೀಡಿ, “ಏನವ್ವ ಅದು ಕಾಣಾದು?” ಎಂದಳು.

“ಹೊಲ ಉತ್ತಂಗೆ ಅಡ್ಡ ಗೆರೆ ಅವೆಯಲ್ಲ, ಅದು ಚೆನ್ನಾಗಿರಾದು. ಮೇಲಿಂದ ಬಿಸಿಲುಕೋಲು ಇಳಿದ್ರೆ ಹೆಂಚು ಒಡೆದದೆ ಅಂತ.” ಅವಳು ಪರದೆಯ ಹತ್ತಿರ ಮುಖ ಒಯ್ದು ಕಣ್ಣು ಕಿರಿದು ಮಾಡಿದಳು. ಬೆನ್ನಿನ ಬಲಗಡೆ, ತೀರಾ ಕೆಳಗೆ, ಒಂದು ತೆಳ್ಳನೆಯ ಬಿಳಿ ಕೋಲು ಉಸಿರಿನ ಜೊತೆ ತೂಗಾಡುತ್ತಿತ್ತು. ಅವಳು ಅದರ ಮೇಲೆ ಬೆರಳಿಟ್ಟು ಡಾಕ್ಟರಮ್ಮನ ಮುಖ ನೋಡಿದಳು.

“ಇಲ್ಲೊಂದು ಇನ್ನೂ ಅದೆ.”

“ಹೌದು” ಎಂದಳು ಪ್ರಿಯಂವದಾ. “ಇದೆ.”